ಮಂಜುವಿನ ಸರ್ಟಿಫಿಕೇಟು ಕೊನೆಗೂ ಉಪಯೋಗಕ್ಕೆ ಬಂತು

ಇವತ್ತು ನೆವಾರ್ಕಿನ ನಾಮಕರಣದಲ್ಲಿ ಬಿಸಿಬೇಳೆಬಾತಿಗೆ ಕಾದು ಸುಸ್ತಾದವರೆಲ್ಲ ಕೇಳಿ, ತಪ್ಪು ನನ್ನದಲ್ಲ. ನಾನು ಹಿಂದಿನ ಸೀಟಿನಲ್ಲಿ ಬಾತಿನ ಪಾತ್ರೆ ತಬ್ಬಿಕೊಂಡು ಕೂತಿದ್ದೆ, ಅಷ್ಟೇ.

ಗೆಳೆಯ ಮಂಜುವಿನ ಫೋರ್ ವೀಲ್ ಡ್ರೈವ್ ಗಾಡಿಯ ಬೆನ್ನಿಗೆ ಪೆಟ್ರೋಲು ತುಂಬಿದ ಎರಡು ಜೆರಿ ಕ್ಯಾನುಗಳಿವೆ. ಕಾಡುಮೇಡಿನಲ್ಲಿ ಪೆಟ್ರೋಲು ಮುಗಿದರೆ ಬೇಕಂತೆ. ಆ ಗಾಡಿ ಈವರೆಗೆ ಕಂಡ ಕಾಡೆಂದರೆ ಕ್ಯಾಂಪ್‌ಬೆಲ್ಲಿನ ಗ್ರೋಸರಿ ಅಂಗಡಿಯ ಪಾರ್ಕಿಂಗು. ಇವತ್ತಾದರೂ ಕ್ಯಾನು ಬಳಸಬೇಕೆಂಬ ಆಸೆಗೆ ಮಂಜು ಪೆಟ್ರೋಲು ಹಾಕಿಸದೆ ಮೂರು ಗ್ಯಾಸ್ ಸ್ಟೇಷನ್ ದಾಟಿದ. ಫ್ರೀವೇ ಇಳಿಯುತ್ತಲೇ ಗಾಡಿ ನಿಂತಿತು. ಅವನು ಖುಷಿಯಿಂದ ಇಳಿದ. ನೋಡಿದರೆ ಕ್ಯಾನಿಗೆ ಸಿಕ್ಕಿಸುವ ಕೊಳವೆ ಮನೆಯಲ್ಲೇ ಉಳಿದಿತ್ತು. ಹಾಗೇ ಬಗ್ಗಿಸಿದ. ಪೆಟ್ರೋಲು ಅವನ ಹೊಸ ಶೂಗೆ ಹೋಯಿತು.

ಆಗ ಅವನ ಹೆಂಡತಿ ಲತಾ ಡ್ಯಾಶ್‌ಬೋರ್ಡಿನಿಂದ ಕಾಡುಮೇಡಿನಲ್ಲಿ ಗಾಡಿ ಓಡಿಸುವ ಅವನ ಆಫ್‌ರೋಡ್ ತರಬೇತಿಯ ಸರ್ಟಿಫಿಕೇಟು ತೆಗೆದಳು. ಗಾಡಿ ಹತ್ತಿದವರಿಗೆಲ್ಲ ಅವನು ಅದನ್ನು ತೋರಿಸದೆ ಬಿಡುವುದಿಲ್ಲ.

“ಅದು ಬೇಡ ಕಣೇ, ಲ್ಯಾಮಿನೇಟ್ ಮಾಡ್ಸಿದ್ದೀನಿ.”

“ಒಳ್ಳೇದೇ ಆಯ್ತಲ್ಲಾ ರೀ, ನೆನೆಯಲ್ಲ.”

ನಮ್ಮೂರಲ್ಲಿ ಕಡ್ಲೆಕಾಯಿಗೆ ಪೊಟ್ಟಣ ಸುತ್ತುವಂತೆ ಅದನ್ನು ಸುತ್ತಿ, ತೂತು ಬಿಟ್ಟ ತುದಿಯನ್ನು ಟ್ಯಾಂಕಿನ ಬಾಯಿಗೆ ತೂರಿಸಿದಳು. “ಅಣ್ಣಾ, ಪಾತ್ರೆ ಇಟ್ಟು ಬಂದು ಕ್ಯಾನ್ ಬಗ್ಗಿಸಿ. ಇವರ ಶೂಗೆ ಆಗ್ಲೇ ಫುಲ್ ಟ್ಯಾಂಕ್ ಆಗಿದೆ.”

ಒಂದು ಹನಿಯೂ ಚೆಲ್ಲಲಿಲ್ಲ. ಗಾಡಿ ಸ್ಟಾರ್ಟ್ ಆಯಿತು. ಹೊರಡುವ ಮುಂಚೆ ಸರ್ಟಿಫಿಕೇಟನ್ನು ನೇರ ಮಾಡಲು ಮಂಜು ಅದನ್ನು ಬಾತಿನ ಪಾತ್ರೆಯ ಅಡಿಗೆ ಇಡಲು ಬಂದ, ನಾನು ಬಿಡಲಿಲ್ಲ.

ಎಲ್ಲಿ ಸಿಕ್ಕಿಕೊಂಡರೂ ಗಾಡಿಯನ್ನು ಇವರು ಹೊರತರಬಲ್ಲರು ಎಂದು ಆ ಸರ್ಟಿಫಿಕೇಟಿನಲ್ಲಿ ಬರೆದಿದೆ. ಬರೆದಿದ್ದು ನಿಜ. ಹೆಸರೊಂದನ್ನು ಲತಾ ಎಂದು ತಿದ್ದಿಸಿದರೆ ಸಾಕು.