ಹುನ್ನೂರ ಬೇಡ ಎಂದ ದಿನ

ಇವತ್ತು ಬೆಳಿಗ್ಗೆ ಒಂದು ನೀಲಿ ಫೈಲು ತಿಜೋರಿಯಿಂದ ಜಾರಿ ನನ್ನ ಕಾಲ ಮೇಲೆ ಬಿತ್ತು. ನಾನು ಹುಡುಕುತ್ತಿದ್ದುದು ಮಗಳ ಜಾತಿ ಪ್ರಮಾಣಪತ್ರ. ನಮ್ಮ ತಿಜೋರಿಯ ಗುಣವೇ ಹಾಗೆ, ಬೇಕಾದದ್ದೊಂದು ಬಿಟ್ಟು ಉಳಿದದ್ದೆಲ್ಲ ಸಿಗುತ್ತದೆ. ನಿಮ್ಮ ಮನೆಯದೂ ಬಹುಶಃ ಇದಕ್ಕಿಂತ ಬೇರೆ ಇರಲಾರದು. ಫೈಲಿಗೆ ಒಂದು ಕೆಂಪು ರಿಬ್ಬನ್ ಸುತ್ತಿ ಗಂಟು ಹಾಕಿತ್ತು. ಹೆಣ್ಣುಮಕ್ಕಳು ಸಾಲೆಗೆ ಹೋಗುವಾಗ ಹೆಳಲಿಗೆ ಕಟ್ಟಿಕೊಳ್ಳುತ್ತಾರಲ್ಲ, ಅದೇ. ಫೈಲಿನ ತುಂಬ, ನುಸಿ ಬಾರದಿರಲೆಂದು ಇಟ್ಟ ಡಾಂಬರ ಗುಳಿಗೆಯ ವಾಸನೆ. ರಿಬ್ಬನ್ನನ್ನು ಮೂಗಿಗೆ ಹಿಡಿದೆ. ಕೊಬ್ಬರಿ ಎಣ್ಣೆಯ ವಾಸನೆ ಇನ್ನೂ ಇತ್ತೋ, ಇದೆ ಎಂದು ನಾನೇ ಅಂದುಕೊಂಡೆನೋ, ಆಣೆ ಮಾಡಿ ಹೇಳಲಾರೆ.

ನಾನು ಜಮಖಂಡಿಯ ಒಂದು ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಕಲಿಸುತ್ತೇನೆ. ಮನೆ ಬನಹಟ್ಟಿಯಲ್ಲಿ, ಮಗ್ಗದವರ ಓಣಿಯಲ್ಲಿ. ಪಕ್ಕದ ಮನೆಯ ಪವರ್‌ಲೂಮುಗಳು ಖಟಖಟ ಎನ್ನುತ್ತಿದ್ದರೆ ನಮಗೆ ಹಿತವಾದ ನಿದ್ದೆ. ಕರೆಂಟು ಹೋಗಿ ಅವು ನಿಂತವೆಂದರೆ ಎದ್ದು ಕೂರುತ್ತೇವೆ. ಹೆಂಡತಿ ಗಿರಿಜಾ ಸರಕಾರಿ ಪ್ರಾಥಮಿಕ ಶಾಲೆಯ ಟೀಚರು. ಆ ಕಾಲಕ್ಕೆ ಅವಳ ಶಾಲೆ ಇದ್ದದ್ದು ಬೀಳಗಿ ದಾಟಿ, ಹೊಳೆಯ ಹಿನ್ನೀರಿನ ಕಡೆಯ ಒಂದು ಹಳ್ಳಿಯಲ್ಲಿ. ಬನಹಟ್ಟಿಯಿಂದ ಜಮಖಂಡಿಗೆ ಒಂದು ಬಸ್ಸು, ಜಮಖಂಡಿಯಿಂದ ಬೀಳಗಿಗೆ ಇನ್ನೊಂದು, ಅಲ್ಲಿಂದ ಮುಂದೆ ಟಂಟಂ ರಿಕ್ಷಾ. ಬೆಳಗಿನ ಆರೂಕಾಲಕ್ಕೆ ಮನೆ ಬಿಟ್ಟರೆ ಸಂಜೆ ದೀಪ ಹಚ್ಚುವ ಹೊತ್ತಿಗೆ ತಿರುಗಿ ಬರುತ್ತಿದ್ದಳು. ಹೋಗುವಾಗ ಮಗಳು ಅಕ್ಷತಾ ಇನ್ನೂ ಮಲಗಿರುತ್ತಿದ್ದಳು.

ಹೀಗಾಗಿ ಅಕ್ಷತಾಳ ತಲೆ ಹಿಕ್ಕುವ ಕೆಲಸ ನನ್ನ ಪಾಲಿಗೆ ಬಂತು. ಅವಳಾಗ ಮೂರನೆಯ ಇಯತ್ತೆ. ಎರಡು ಹೆಳಲು ಹಾಕಿ, ಮಡಚಿ, ಕಿವಿಯ ಹತ್ತಿರ ಕೆಂಪು ರಿಬ್ಬನ್ ಕಟ್ಟಬೇಕೆಂಬುದು ಅವಳ ಸಾಲೆಯ ಕಾನೂನು. ಸಂವಿಧಾನದ ಕಲಮುಗಳನ್ನು ಬಾಯಿಪಾಠ ಒಪ್ಪಿಸುವ ನನಗೆ ಒಂದು ಬೈತಲೆ ನೆಟ್ಟಗೆ ತೆಗೆಯಲು ಬರುತ್ತಿರಲಿಲ್ಲ. ಹಣೆಯ ನಡುವಿನಿಂದ ಹೊರಟ ಹಣಿಗೆ ಎಡಗಿವಿಯ ಹಿಂದೆ ಹೋಗಿ ಮುಟ್ಟುತ್ತಿತ್ತು.

“ಪಪ್ಪಾ, ಒಂದ ಮ್ಯಾಲ ಆಗೈತಿ, ಒಂದ ಕೆಳಗ ಆಗೈತಿ,” ಎಂದು ಅಕ್ಷತಾ ಕನ್ನಡಿಯ ಮುಂದೆ ನಿಂತು ಮುಖ ಸಿಂಡರಿಸುತ್ತಿದ್ದಳು.

“ಇರ್ಲಿ ಬಿಡವ್ವಾ, ಸಾಲಿಗೆ ನಡಕೋತ ಹೋಗೂದ್ರಾಗ ಸರಿ ಆಗ್ತಾವ,” ಎನ್ನುತ್ತಿದ್ದೆ ನಾನು.

ಗಿರಿಜಾ ಬಂಗಾರ ಕೇಳಿದವಳಲ್ಲ, ಪಟ್ಟಣದಲ್ಲಿ ಪ್ಲಾಟು ಕೇಳಿದವಳಲ್ಲ. ಕೇಳುತ್ತಿದ್ದುದು ವರ್ಗಾವಣೆಯೊಂದನ್ನೇ. “ಮುಂಜಾನೆ ಎಂಟಕ್ಕ ನಾ ಮನ್ಯಾಗ ಇರಬೇಕ್ರಿ. ಈಕಿ ತಲಿ ಹಿಕ್ಕೂವಷ್ಟರ ಹೊತ್ತು. ಈಕಿ ದೊಡ್ಡಾಕಿ ಆದಮ್ಯಾಲ ಕೊಟ್ರ ನಾ ಅದನ್ನ ತಗೊಂಡ ಏನ್ ಮಾಡ್ಲಿ?” ಈ ಮಾತನ್ನು ಅವಳು ತಿಂಗಳಿಗೊಮ್ಮೆಯಾದರೂ ಹೇಳುತ್ತಿದ್ದಳು. ನಾನೂ ತಿಂಗಳಿಗೊಮ್ಮೆ ತಲೆ ಅಲ್ಲಾಡಿಸಿ ಪೇಪರ್ ತಿರುವುತ್ತಿದ್ದೆ.

ಪೇಪರಿನಲ್ಲಿ ಆಗ ಬ್ರಿಟನ್ನಿನದೇ ಸುದ್ದಿ. ಐರೋಪ್ಯ ಒಕ್ಕೂಟದಿಂದ ಹೊರಗೆ ಬೀಳುವ ಬ್ರೆಕ್ಸಿಟ್ ಜಗಳ ಅಲ್ಲಿ ಭರ್ತಿ ನಡೆದಿತ್ತು. ಚುನಾವಣೆ ಇಲ್ಲ, ಇಲ್ಲವೇ ಇಲ್ಲ ಎನ್ನುತ್ತಿದ್ದ ಅವರ ಮಹಿಳಾ ಪ್ರಧಾನಿ ಒಂದು ದಿನ ತಮ್ಮ ಮನೆಯ ಬಾಗಿಲಲ್ಲಿ ನಿಂತು, ಅವಧಿಗೆ ಮೂರು ವರ್ಷ ಮೊದಲೇ ಚುನಾವಣೆ ನಡೆಸುವುದಾಗಿ ಹೇಳಿಬಿಟ್ಟರು. ನನಗೆ ಹಬ್ಬ. ‘ಅವಧಿಪೂರ್ವ ಚುನಾವಣೆ’ ಎಂದು ಐದು ಅಂಕದ ನೋಟ್ಸು ಬರೆಸಿದ್ದೇ ಬರೆಸಿದ್ದು, ಸ್ಟಾಫ್‌ರೂಮಿನಲ್ಲಿ ಚಹಾದ ಮೇಲೆ ಚಹಾ ಕುಡಿಯುತ್ತ ಭವಿಷ್ಯ ಹೇಳಿದ್ದೇ ಹೇಳಿದ್ದು. “ಭಾರೀ ಬಹುಮತ ಬರ್ತದ, ಬರಕೊಳ್ರಿ,” ಎಂದೆ. ಟಿ.ವಿ.ಯಲ್ಲಿ ಅಲ್ಲಿಯ ಬೀದಿಯ ಜನರನ್ನು ತೋರಿಸುತ್ತಿದ್ದರು. ಕೈಯಲ್ಲಿ ಸಂತೆ ಚೀಲ ಹಿಡಿದವರು, ಬಸ್ಸಿಗೆ ನಿಂತವರು, ಸುದ್ದಿ ಕೇಳಿ ಬಾಯಿ ತೆರೆದು, ಹಣೆ ಗಂಟಿಕ್ಕಿ, ಮತ್ತೆ ಶುರುವಾಯಿತಲ್ಲಪ್ಪ ಎನ್ನುವಂಥ ಮುಖದವರು. ನಾನು ಆ ಮುಖಗಳನ್ನು ನೋಡಲೇ ಇಲ್ಲ. ಅವುಗಳ ಕೆಳಗೆ ಓಡುತ್ತಿದ್ದ ಅಂಕಿಗಳನ್ನು ನೋಡುತ್ತಿದ್ದೆ.

ಫಲಿತಾಂಶ ನಿಮಗೆ ನೆನಪಿರಬಹುದು. ಹೆಚ್ಚಿನ ಬಹುಮತಕ್ಕೆ ಹೋದವರಿಗೆ ಇದ್ದ ಬಹುಮತವೂ ಉಳಿಯಲಿಲ್ಲ. ರಾತ್ರಿ ಊಟಕ್ಕೆ ಕೂತಾಗ ಗಿರಿಜಾಗೆ ಇದನ್ನೆಲ್ಲ ವಿವರಿಸಿದೆ. ಅವಳು ರೊಟ್ಟಿ ಮುರಿಯುತ್ತ ಕೇಳಿದಳು: “ಇದ್ದದ್ದು ಸಾಲದಾಗಿತ್ತೇನ್ರಿ ಆಕಿಗೆ?”

“ಇದ್ದದ್ದು ಸಣ್ಣದಿತ್ತು. ದೊಡ್ಡದು ಬೇಕಾಗಿತ್ತು.”

“ಸಣ್ಣದರಾಗ ಐದ ವರ್ಷ ನಡಸಬೇಕಿತ್ತಪಾ,” ಎಂದಳು. ನಂತರ, “ಅಲ್ಲೆ ಎಲೆಕ್ಷನ್ ಬಂದ್ರ ಟೀಚರ್‌ಗೋಳ ಟ್ರಾನ್ಸ್‌ಫರ್ ನಿಂದರ್ತಾವೇನ್ರಿ?” ಎಂದು ಕೇಳಿದಳು. ನಾನು ನಕ್ಕೆ. ಎಂಥ ಪ್ರಶ್ನೆ ಎಂದುಕೊಂಡೆ. ಆ ನಗೆಯನ್ನು ನೆನೆದರೆ ಈಗಲೂ ಕಪಾಳಕ್ಕೆ ಹೊಡೆದುಕೊಳ್ಳಬೇಕೆನಿಸುತ್ತದೆ.

ಅದಾಗಿ ಎರಡು ವರ್ಷವಾಗಿತ್ತು, ನಮ್ಮಲ್ಲಿಯ ದೊಡ್ಡ ಚುನಾವಣೆಗಳೂ ಮುಗಿದಿದ್ದವು. ಗಿರಿಜಾಳ ಹೆಸರು ವರ್ಗಾವಣೆಯ ಪಟ್ಟಿಯಲ್ಲಿ ಬಂತು. ಖಾಲಿ ಜಾಗ ಆರಿಸಿಕೊಳ್ಳುವ ಕೌನ್ಸೆಲಿಂಗ್‌ಗೆ ಜಿಲ್ಲಾ ಕಚೇರಿಗೆ ಹೊರಡುವಾಗ ಈ ನೀಲಿ ಫೈಲಿನ ಎಲಾಸ್ಟಿಕ್ ಪಟ್ಟನೆ ಹರಿಯಿತು. ಕೈಗೆ ಸಿಕ್ಕ ಅಕ್ಷತಾಳ ರಿಬ್ಬನ್ನಿನಿಂದಲೇ ಕಟ್ಟಿ, “ಶುಭ ಆತು ಬಿಡ್ರಿ,” ಎಂದು ನಕ್ಕಳು. ಅಲ್ಲಿ ಹೋದರೆ ಗೋಡೆಗೆ ಖಾಲಿ ಜಾಗಗಳ ಪಟ್ಟಿ ಅಂಟಿಸಿದ್ದರು. ಬನಹಟ್ಟಿ ಇಲ್ಲ, ರಬಕವಿ ಇಲ್ಲ. ಇದ್ದುದರಲ್ಲಿ ಹತ್ತಿರವೆಂದರೆ ಹುನ್ನೂರ. ಜಮಖಂಡಿ ದಾಟಿದರೆ ಬಂತು. ಎಂಟೂವರೆಗೆ ಮನೆ ಬಿಟ್ಟರೂ ನಡೆಯುತ್ತಿತ್ತು.

“ಹುನ್ನೂರ ತಗೋತೇನ್ರಿ,” ಎಂದಳು ಗಿರಿಜಾ. ಅವಳ ಮುಖ ಅರಳಿತ್ತು.

ನಾನು, ರಾಜ್ಯಶಾಸ್ತ್ರದ ಪಂಡಿತ, ಅವಳನ್ನು ಬದಿಗೆ ಕರೆದೆ. “ಗಡಬಡಿ ಮಾಡಬ್ಯಾಡ. ಇನ್ನ ಹದಿನೈದ ದಿನಕ್ಕ ಎರಡನೇ ಸುತ್ತು ಐತಿ. ಬನಹಟ್ಟ್ಯಾಗ ಇಬ್ಬರು ರಿಟೈರ್ ಆಗಾಕತ್ತಾರ, ಆ ಜಾಗಾ ಬಂದs ಬರ್ತಾವ. ಮನೀ ಮುಂದಿನ ಸಾಲಿ ಬಿಟ್ಟು ಹುನ್ನೂರಿಗೆ ಯಾಕ ಹೋಗ್ತಿ?”

“ನಡಬರಕ ಏನರ ಆದ್ರ?”

“ಏನಾಗ್ತದ? ಎಲೆಕ್ಷನ್ ಅಂದ್ರ ಇನ್ನ ಮೂರ ವರ್ಷ ಯಾವುದೂ ಇಲ್ಲ. ಇದು ನನ್ನ ಸಬ್ಜೆಕ್ಟು.”

ಅವಳು ಪಟ್ಟಿಯಲ್ಲಿದ್ದ ಹುನ್ನೂರಿನ ಹೆಸರಿನ ಮೇಲೆ ಬೆರಳಿಟ್ಟುಕೊಂಡು ಸ್ವಲ್ಪ ಹೊತ್ತು ನಿಂತಳು. ಆಮೇಲೆ ಒಳಗೆ ಹೋಗಿ, ಬೇಡವೆಂದು ಬರೆದುಕೊಟ್ಟು ಬಂದಳು. ಮರಳುವ ದಾರಿಯಲ್ಲಿ ಲೋಕಾಪುರದ ಹತ್ತಿರ ಇಬ್ಬರೂ ಮಿರ್ಚಿ ಭಜಿ ತಿಂದೆವು. ನಾನು ಎರಡು ಪ್ಲೇಟು ತಿಂದೆ.

ಹನ್ನೆರಡನೆಯ ದಿನ ಸಂಜೆ. ಜಮಖಂಡಿಯ ಬಸ್‌ಸ್ಟ್ಯಾಂಡಿನಲ್ಲಿ ಗಿರಿಜಾ ಬೀಳಗಿ ಬಸ್ಸಿಳಿದು ಬಂದಳು. ಎಂದಿನಂತೆ ಇಬ್ಬರೂ ಬನಹಟ್ಟಿಯ ಬಸ್ಸು ಹತ್ತಿದೆವು. ಬಸ್ಸು ಕಿಕ್ಕಿರಿದಿತ್ತು. ಮುಂದಿನ ಸೀಟಿನಲ್ಲಿದ್ದ ಕಾಲೇಜು ಹುಡುಗಿ ಮೊಬೈಲು ನೋಡಿ, “ಅಯ್ಯ, ರಾಜೀನಾಮಿ ಕೊಟ್ನಂತ! ಬೈ ಎಲೆಕ್ಷನ್ ಡೇಟೂ ಬಂತಂತ!” ಎಂದು ಕೂಗಿದಳು. ಯಾವ ಕ್ಷೇತ್ರ, ಯಾರು, ಯಾವ ಪಕ್ಷ ಎಂದು ನನ್ನನ್ನು ಕೇಳಬೇಡಿ. ಆರಿಸಿ ಬಂದು ಎರಡು ವರ್ಷ ತುಂಬದ ಒಬ್ಬ ಮಹಾಶಯ, ರಾಜೀನಾಮೆ ಒಗೆದು, ಬಾವುಟ ಬದಲಿಸಿ, ಅದೇ ಕುರ್ಚಿಯನ್ನು ಇನ್ನೊಮ್ಮೆ ಕೊಡಿ ಎಂದು ಬರುತ್ತಿದ್ದ. ಅಷ್ಟು ಸಾಕು.

ಇಡೀ ಬಸ್ಸು ಹೋ ಎಂದಿತು. ನನ್ನ ಪಕ್ಕದಲ್ಲಿ ಸೀರೆಯ ಗಂಟು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ, ಆ ಕ್ಷೇತ್ರದ ಕಡೆಯ ಮಗ್ಗದ ಮನೆಯ ಮುದುಕಿಯೊಬ್ಬಳು ತನ್ನ ಎಡಗೈ ಬೆರಳನ್ನು ಕಣ್ಣ ಹತ್ತಿರ ತಂದು ನೋಡಿಕೊಂಡಳು. “ಮೊನ್ನಿ ಮೊನ್ನಿ ಹಾಕೇವಲ್ಲೋ ಯಪ್ಪಾ. ಹಾಕಿದ ಓಟು ಇಷ್ಟರಾಗ ಹಳಸಿತೇನ?”

ಕಂಡಕ್ಟರ್ ತಿಕೀಟು ಹರಿಯುತ್ತ ಹೇಳಿದ: “ಹಳಸಿಲ್ಲಬೇ ಆಯಿ. ನಾವು ಅವನ್ನ ಇಳಿಸಿಲ್ಲ. ತಾನs ನಡುದಾರ್ಯಾಗ ಇಳದಾನ, ಮತ್ತ ಇದs ಬಸ್ಸಿಗೆ ಕೈ ಮಾಡಾಕತ್ತಾನ.”

“ಹತ್ತಿಸ್ಕೋಬ್ಯಾಡ ಹಂಗಾರ!”

“ನಾ ಯಾರು ಹತ್ತಿಸ್ಕೊಳ್ಳಾವ? ನೀವs ಓಟು ಹಾಕ್ತೀರಿ.”

ಜನ ನಕ್ಕರು, ಬೈದರು, ಮತ್ತೆ ನಕ್ಕರು. ರಸ್ತೆ ಕೆಲಸ ನಿಂತಿತು ಎಂದೊಬ್ಬರು, ಇನ್ನು ಓಣಿಯಲ್ಲಿ ಧ್ವನಿವರ್ಧಕದ ಕಾಟ ಎಂದಿನ್ನೊಬ್ಬರು. ನಾನು ಸುಮ್ಮನಿರಬಾರದೇ? ಉಪಚುನಾವಣೆಯ ಸಾಂವಿಧಾನಿಕ ಹಿನ್ನೆಲೆಯನ್ನು ಮುದುಕಿಗೆ ವಿವರಿಸಲು ಶುರುಮಾಡಿದೆ. ಆಗ ಗಿರಿಜಾ ತನ್ನ ಮೊಬೈಲನ್ನು ನನ್ನ ಕಡೆ ಹಿಡಿದಳು. ಟೀಚರುಗಳ ಗುಂಪಿನಲ್ಲಿ ಎರಡು ಸಾಲು ಬಂದಿತ್ತು. ಮಾದರಿ ನೀತಿ ಸಂಹಿತೆ ಜಾರಿಯಾಗಿರುವುದರಿಂದ ವರ್ಗಾವಣೆಯ ಎರಡನೇ ಸುತ್ತಿನ ಕೌನ್ಸೆಲಿಂಗ್ ಮುಂದೂಡಲಾಗಿದೆ.

“ಅದು ನಮ್ಮ ಕ್ಷೇತ್ರನೂ ಅಲ್ಲಲ್ರೀ,” ಎಂದಳು.

“ನೀತಿ ಸಂಹಿತಿ ಇಡೀ ಜಿಲ್ಲಾಕ್ಕ ಬರ್ತದ,” ಎಂದು ಪಂಡಿತ ಬಾಯಿ ಬಿಟ್ಟ.

ಅವಳು ನನ್ನತ್ತ ತಿರುಗಿದಳು. ಸಂತೆ ಚೀಲ ಹಿಡಿದು ನಿಂತ ಆ ದೂರದ ಬೀದಿಯ ಮುಖಗಳನ್ನು ನಾನು ನೋಡಿದ್ದು ಆಗ. ಅದೇ ಗಂಟಿಕ್ಕಿದ ಹಣೆ, ಅದೇ ದಣಿವು, ನಮ್ಮ ಬನಹಟ್ಟಿಯ ಬಸ್ಸಿನಲ್ಲಿ. “ಇದನ್ನ ಆವತ್ತ ಹೇಳಬೇಕಿತ್ತ್ರಿ,” ಎಂದಳು. ಅಷ್ಟೇ. ಅವತ್ತೂ ಇಷ್ಟೇ, ಆಮೇಲೂ ಇಷ್ಟೇ. ಹುನ್ನೂರಿನ ಹೆಸರನ್ನು ಅವಳು ನಮ್ಮ ಮನೆಯಲ್ಲಿ ಮತ್ತೆ ಎತ್ತಲಿಲ್ಲ. ಎತ್ತಿ ನಾಲ್ಕು ಮಾತು ಬೈದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ.

ಇಷ್ಟು ಸಾಲದೆಂದು ಅದೇ ಚುನಾವಣೆಗೆ ಅವಳಿಗೇ ಡ್ಯೂಟಿ ಬಂತು. ಮತದಾರರ ಬೆರಳಿಗೆ ಶಾಯಿ ಹಚ್ಚುವ ಕೆಲಸ. ಒಬ್ಬ ರೈತ ಬೆರಳು ಮುಂದೆ ಚಾಚಿ, “ಟೀಚರ್, ಮುಂದಿನ ಸಲದ್ದೂ ಈಗs ಹಚ್ಚಿಬಿಡ್ರೀ, ಮತ್ತ ಬರೂದು ತಪ್ಪತೈತಿ,” ಎಂದನಂತೆ. ಅದನ್ನು ಹೇಳುವಾಗ ಮಾತ್ರ ಸ್ವಲ್ಪ ನಕ್ಕಳು. ಅವಳ ಹೆಬ್ಬೆರಳಿನ ಕಪ್ಪು ಹೋಗಲು ಎಷ್ಟೋ ದಿನ ಹಿಡಿಯಿತು.

ಚುನಾವಣೆ ಮುಗಿಯುವ ಹೊತ್ತಿಗೆ ವರ್ಗಾವಣೆಯ ನಿಯಮ ಬದಲಾಗಿತ್ತು. ನಿಯಮ ಸರಿಹೋಯಿತು ಎನ್ನುವಷ್ಟರಲ್ಲಿ ಕೊರೋನಾ ಬಂತು. ಅದು ಹೋಯಿತೆಂದರೆ ಮತ್ತೊಂದು ಚುನಾವಣೆ. ಬನಹಟ್ಟಿಯ ಆ ಎರಡು ಜಾಗಗಳಿಗೆ ಯಾರೋ ಬಂದು ಕೂತರು. ಹುನ್ನೂರಿಗೂ ಯಾರೋ ಹೋದರು. ಗಿರಿಜಾಗೆ ರಬಕವಿಯ ಶಾಲೆ ಸಿಗಲು ಇನ್ನೂ ನಾಲ್ಕು ವರ್ಷ ಬೇಕಾಯಿತು. ಸಿಟ್ಟು ಬರುತ್ತದೆ ನನಗೆ. ಆ ಮಹಾಶಯನ ಮೇಲೆ ಬರುತ್ತದೆ. ಅವನ ಮೇಲಿನದು ಇಳಿದ ಮೇಲೆ ನನ್ನ ಮೇಲೆ ಬರುತ್ತದೆ, ಅದು ಇಳಿಯುವುದಿಲ್ಲ.

ಹೊಸ ಶಾಲೆಯ ಮೊದಲ ದಿನ, ಎಂಟು ಗಂಟೆಗೆ, ಗಿರಿಜಾ ಎಣ್ಣೆ ಬಾಟಲಿ, ಹಣಿಗೆ ಹಿಡಿದು ಪಡಸಾಲೆಯಲ್ಲಿ ಕೂತಳು. ಒಂಬತ್ತನೆಯ ಇಯತ್ತೆಯ ಅಕ್ಷತಾ ಒಳಗಿನಿಂದ ಬಂದಳು. ಎರಡೂ ಹೆಳಲು ಒಂದೇ ಎತ್ತರಕ್ಕೆ, ಬೈತಲೆ ಗೆರೆ ಎಳೆದಂತೆ. “ನಂದ ಆತು ಮಮ್ಮಿ,” ಎಂದು ಚಪ್ಪಲಿ ಮೆಟ್ಟಿಕೊಂಡು ಹೋದಳು. ಗಿರಿಜಾ ಸ್ವಲ್ಪ ಹೊತ್ತು ಕೂತೇ ಇದ್ದಳು. ಆಮೇಲೆ, “ಬರ್ರಿ, ನಿಮ್ಮ ತಲಿಗರ ಹಚ್ಚತೇನಿ,” ಎಂದು ನನ್ನನ್ನು ಕರೆದಳು. ನನ್ನ ತಲೆಯಲ್ಲಿ ಆಗಲೇ ಹಿಕ್ಕುವಂಥದ್ದು ಏನೂ ಉಳಿದಿರಲಿಲ್ಲ. ಆದರೂ ಕೂತೆ.

ಈಗ ಪಿಯುಸಿಗೆ ಬಂದಿರುವ ಅಕ್ಷತಾ, ಇವತ್ತು ನನ್ನ ಕೈಯಲ್ಲಿ ರಿಬ್ಬನ್ ನೋಡಿ ಜೋರಾಗಿ ನಕ್ಕಳು. “ಪಪ್ಪಾ, ನಿನಗ ಗೊತ್ತೈತೇನ? ನೀ ಹಾಕಿದ ಹೆಳಲಾ ದಿನಾ ಸಾಲ್ಯಾಗ ನಮ್ಮ ಟೀಚರ್ ಬಿಚ್ಚಿ ಮತ್ತ ಹಾಕ್ತಿದ್ರು.”

ನನಗೆ ಗೊತ್ತಿರಲಿಲ್ಲ. ಇಷ್ಟು ವರ್ಷ ಯಾರೂ ಹೇಳಿರಲಿಲ್ಲ.

ಅಡುಗೆಮನೆಯಿಂದ ಗಿರಿಜಾ ಹೇಳಿದಳು: “ಅಲ್ಲೆ ನನ್ನ ಸಾಲ್ಯಾಗ ನಾನೂ ಅದನ್ನs ಮಾಡ್ತಿದ್ದೆ. ನಾಕೈದು ಹುಡಿಗ್ಯಾರು ತಲಿ ಕೆದರ್ಕೊಂಡ ಬರ್ತಿದ್ರು. ಅವರ ಅವ್ವಗೋಳು ಹೊತ್ತ ಹುಟ್ಟೂಕಿಂತ ಮೊದಲs ಕಬ್ಬ ಕಡ್ಯಾಕ ಹೋಗಿರ್ತಿದ್ರು.” ಆಮೇಲೆ, “ಈಕಿ ತಲೀನೂ ಯಾರರ ಹಿಕ್ಕಲಿ ಅಂತ ಅನ್ಕೋತ ಹಿಕ್ಕತಿದ್ದೆ,” ಎಂದಳು. ಅಕ್ಷತಾಳ ನಗು ನಿಂತಿತು. ಎದ್ದು ಒಳಗೆ ಹೋಗಿ ಅವ್ವನ ಪಕ್ಕ ನಿಂತಳು. ನಾನು ಪಡಸಾಲೆಯಲ್ಲಿ ಫೈಲು ಹಿಡಿದು ಕೂತಿದ್ದೆ.

ಅಷ್ಟರಲ್ಲಿ ಗಿರಿಜಾಳ ಮೊಬೈಲು ರಿಂಗಾಯಿತು. ಬೀಳಗಿಯ ಕಡೆ ಈಗ ಕೆಲಸ ಮಾಡುತ್ತಿರುವ ಒಬ್ಬ ಚಿಕ್ಕ ವಯಸ್ಸಿನ ಟೀಚರು. ಇವತ್ತು ಅವಳ ಕೌನ್ಸೆಲಿಂಗ್. ಗಿರಿಜಾ ಸ್ಪೀಕರ್ ಹಾಕಿದಳು.

“ಅಕ್ಕಾರ, ಸಾವಳಗಿ ಖಾಲಿ ಐತ್ರಿ. ನಮ್ಮನಿಯವರು ಬ್ಯಾಡ ಅನ್ನು ಅಂತಾರ, ಮುಂದಿನ ಸುತ್ತಿನ್ಯಾಗ ಜಮಖಂಡಿನೇ ಬರ್ತದಂತ. ಆದ್ರ ಟಿ.ವಿ.ಯಾಗ ಯಾರೋ ರಾಜೀನಾಮಿ ಕೊಡ್ತಾರಂತ ಸುದ್ದಿ ಬರಾಕತ್ತೈತಿ. ಸರ್ ಅದಾರೇನ್ರಿ? ಎಲೆಕ್ಷನ್ ಬರ್ತೈತೋ ಇಲ್ಲೋ, ಸರ್‌ಗ ಕೇಳ್ರಿ.”

ಗಿರಿಜಾ ಹೊರಗೆ ಬಂದು ಮೊಬೈಲನ್ನು ನನ್ನ ಕೈಗೆ ಕೊಟ್ಟು, ಎದುರಿಗೆ ನಿಂತಳು. ಇಪ್ಪತ್ತೈದು ವರ್ಷ ರಾಜ್ಯಶಾಸ್ತ್ರ ಕಲಿಸಿದವನು ನಾನು.

“ಎಲೆಕ್ಷನ್ ಬರ್ತೈತೋ ಇಲ್ಲೋ ನನಗ ಗೊತ್ತಿಲ್ರವ್ವಾ,” ಎಂದೆ. “ನೀವು ಸಾವಳಗಿ ತಗೋರಿ. ಈಗಿಂದೀಗ ಒಳಗ ಹೋಗಿ ಸಹಿ ಮಾಡ್ರಿ.”

“ಖರೆ ಅಂತೀರೇನ್ರಿ ಸರ್?”

“ನಿಮ್ಮ ಮಗಳು ಎಷ್ಟನೇತ್ತ ಅದಾಳ್ರಿ?”

“ಎರಡನೇತ್ತ್ರಿ. ಯಾಕ್ರಿ?”

ನನ್ನ ಕೈಯಲ್ಲಿದ್ದ ರಿಬ್ಬನ್ನನ್ನು ಗಿರಿಜಾ ಮೆಲ್ಲಗೆ ತೆಗೆದುಕೊಂಡಳು. ನಾನು ಕೇಳಿದೆ: “ಕೂದಲಾ ಎಷ್ಟ ಉದ್ದ ಅದಾವ್ರಿ ಆಕೀವು?”