ಉಡಿ ತುಂಬಿಕೊಂಡು ಓಡಿದವಳು

ನನ್ನ ಹೆಂಡತಿ ನೀಲಗಂಗವ್ವ ಇಪ್ಪತ್ತೊಂದು ಕಿಲೋಮೀಟರ್ ಓಡುತ್ತಾಳೆ ಎಂದರೆ ಬೆಟಗೇರಿಯ ಮಂದಿ ಮೊದಲು ಕೇಳುವುದು, "ಯಾರು ಬೆನ್ನ ಹತ್ತಿದ್ರು?" ಎಂದು. ಅವಳಿಗೆ ಐವತ್ತೆರಡು ವರ್ಷ, ಇಬ್ಬರು ಮೊಮ್ಮಕ್ಕಳಿದ್ದಾರೆ. ನಮ್ಮ ಹಿಟ್ಟಿನ ಗಿರಣಿಯಲ್ಲಿ ಜೋಳದ ಡಬ್ಬಿಯನ್ನು ಒಂದೇ ಕೈಯಲ್ಲಿ ಎತ್ತಿ ಸುರಿಯುತ್ತಾಳೆ. ಅಂಥವಳು ಯಾರೂ ಬೆನ್ನು ಹತ್ತದೆ, ತಾನಾಗಿ ಹೆಸರು ಹಚ್ಚಿ, ನಸುಕಿನಲ್ಲಿ ಎದ್ದು ಓಡುತ್ತಾಳೆಂದರೆ ನನಗೂ ಬಹಳ ದಿನ ನಂಬಿಕೆ ಬಂದಿರಲಿಲ್ಲ.

ಇದಕ್ಕೆಲ್ಲ ಮೂಲ ಹಸೀನಾಬಿ. ಗಿರಣಿಯ ಪಕ್ಕದ ಅಂಗಡಿಯಲ್ಲಿ ಬಟ್ಟೆ ಹೊಲಿಯುವವಳು, ನೀಲಗಂಗವ್ವನ ಜೀವದ ಗೆಳತಿ. ಇಬ್ಬರಿಗೂ ಒಂದೇ ವಾರದಲ್ಲಿ ಸಕ್ಕರೆ ಕಾಯಿಲೆ ಪತ್ತೆಯಾಯಿತು. ಡಾಕ್ಟರು ನಡೆಯಿರಿ ಎಂದರು. ಇವರು ದಿನಾ ಮುಂಜಾನೆ ಗದಗಿನ ಭೀಷ್ಮ ಕೆರೆಯ ದಂಡೆಯಲ್ಲಿ ನಡೆಯತೊಡಗಿದರು. ಒಂದು ಸುತ್ತಿಗೆ ಮಾತು ಮುಗಿಯದೆ ಎರಡು ಸುತ್ತಾಯಿತು, ಎರಡಕ್ಕೂ ಮುಗಿಯದೆ ನಾಲ್ಕಾಯಿತು. ಒಂದು ದಿನ ಕರೆಂಟು ಹೋಗುವ ಮೊದಲು ಗಿರಣಿ ಶುರು ಮಾಡಬೇಕೆಂದು ಇಬ್ಬರೂ ಕೆರೆಯಿಂದ ಓಡಿಯೇ ಬಂದರು. ಬಂದವರೇ ನಕ್ಕು ನಕ್ಕು ಜೋಳದ ಚೀಲದ ಮೇಲೆ ಬಿದ್ದರು.

"ಏನ್ರೀ ಇದು, ಓಡೂದು ಇಷ್ಟ ಚಂದ ಇರ್ತೈತೇನು? ಇಷ್ಟ ದಿನ ಯಾರೂ ಹೇಳಲೇ ಇಲ್ಲಲ್ಲ!" ಎಂದಳು ನನ್ನ ಹೆಂಡತಿ. ಅಂದಿನಿಂದ ನನ್ನ ಭಾನುವಾರಗಳು ಹಾಳಾದವು.

ಎರಡು ವರ್ಷದಲ್ಲಿ ಹುಬ್ಬಳ್ಳಿ, ಬೆಳಗಾವಿ, ಹೊಸಪೇಟೆ, ದಾವಣಗೆರೆ ಎಂದು ನಾಲ್ಕು ಊರು ತಿರುಗಿದೆವು. ಓಡುವವರು ಇಬ್ಬರು, ಹೋಗುವವರು ಹನ್ನೆರಡು ಜನ. ಹಸೀನಾಬಿಯ ಮಗ ಅಝೀಮ ತನ್ನ ಕ್ರೂಸರ್ ಗಾಡಿ ತರುತ್ತಾನೆ. ಶಿರಹಟ್ಟಿಯಿಂದ ನನ್ನ ತಂಗಿ, ಮುಂಡರಗಿಯಿಂದ ಹಸೀನಾಬಿಯ ನಾದಿನಿಯರು, ಅವರ ಮಕ್ಕಳು ಎಲ್ಲರೂ ಬಂದು ಹತ್ತುತ್ತಾರೆ. ಮೂರು ತಾಸಿನ ಓಟಕ್ಕೆ ಮೂರು ದಿನದ ತಯಾರಿ. ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಮಾದಲಿ, ದೊಡ್ಡ ಡಬ್ಬಿಯಲ್ಲಿ ಮೊಸರನ್ನ. ಬೆಳಗಾವಿಯಲ್ಲಿ ನಾವು ಮೈದಾನದ ಮೂಲೆಯಲ್ಲಿ ಚಾಪೆ ಹಾಸಿ ಬುತ್ತಿ ಬಿಚ್ಚಿದ್ದನ್ನು ನೋಡಿ ಓಟ ಮುಗಿಸಿ ಬಂದ ಪೇಟೆಯ ಹುಡುಗರು ಸಾಲು ಹಚ್ಚಿ ನಿಂತಿದ್ದರು. ಊಟದ ವ್ಯವಸ್ಥೆ ಓಟ ನಡೆಸುವವರದೇ ಎಂದು ತಿಳಿದಿದ್ದರಂತೆ. ನನ್ನ ತಂಗಿ ಎಲ್ಲರಿಗೂ ಬಡಿಸಿಬಿಟ್ಟಳು. ನನಗೆ ಬರೀ ಚಟ್ನಿ ಉಳಿಯಿತು.

ಇಷ್ಟೆಲ್ಲ ಮಾಡಿದರೂ ನಾಲ್ಕು ಓಟದಲ್ಲಿ ಇಬ್ಬರಿಗೂ ಒಂದೂ ಪದಕ ಸಿಕ್ಕಿರಲಿಲ್ಲ. ಮೂರು ತಾಸಿನೊಳಗೆ ಗೆರೆ ದಾಟಿದವರಿಗಷ್ಟೇ ಪದಕ. ಕಾಲಿನಲ್ಲಿ ಬಲ ಇಲ್ಲವೆಂದಲ್ಲ, ನನ್ನ ಹೆಂಡತಿಗೆ ಯಾರಾದರೂ ಕರೆದರೆ ನಿಲ್ಲದೆ ಹೋಗಲು ಬರುವುದಿಲ್ಲ. ಹೊಸಪೇಟೆಯಲ್ಲಿ ನೀರು ಕೊಡಲು ನಿಂತವಳು ನಮ್ಮ ಕಡೆಯ ಸೊರಟೂರಿನ ಮಗಳೆಂದು ಗೊತ್ತಾಗಿ ಯಾರ ಪೈಕಿ, ಯಾವ ಓಣಿ ಎಂದು ಕೇಳುವಷ್ಟರಲ್ಲಿ ಒಂಬತ್ತು ನಿಮಿಷ ಹೋದವು. ಇವಳು ನಿಂತರೆ ಹಸೀನಾಬಿಯೂ ನಿಲ್ಲುತ್ತಾಳೆ. ಇದು ತವರಿನಿಂದ ಬಂದ ಗುಣ. ನಮ್ಮ ಅತ್ತೆ ಅಡರಕಟ್ಟಿಯ ಕಟ್ಟೆಕಟ್ಟೆಗೂ ನಿಂತು ಮಾತಾಡುತ್ತಾ ಜೀವಮಾನವಿಡೀ ಬಸ್ಸು ತಪ್ಪಿಸಿಕೊಂಡವಳು. ನಮ್ಮ ಮದುವೆಯ ಅಕ್ಷತೆಗೂ ಆಕೆ ತಡವಾಗಿಯೇ ಬಂದಳು. ಅಕ್ಷತೆ ಬಿದ್ದ ಮೇಲೆ ಬಂದು, "ನಾ ಬರೂತನಕ ತಡೀಬಾರದೇನು?" ಎಂದು ಭಟ್ಟರನ್ನೇ ಬೈದಿದ್ದಳು.

ದಾವಣಗೆರೆಯಿಂದ ಬರುವಾಗ ಅಝೀಮನ ಗಾಡಿಯಲ್ಲಿ ನಾನು, "ಪದಕ ಅಂಗಡ್ಯಾಗೂ ಸಿಗ್ತಾವು, ಒಂದ ತಂದ ಕೊಡ್ಲೇನು?" ಎಂದುಬಿಟ್ಟೆ. ನಗಲಿಕ್ಕೆ ಅಂದದ್ದು. ಅವಳು ನಗಲಿಲ್ಲ. ಕಿಟಕಿಯ ಕಡೆ ಮುಖ ಮಾಡಿ ಕುಳಿತಳು. ಗದಗ ಬಂದ ಮೇಲೆ ಒಂದೇ ಮಾತು ಆಡಿದಳು.

"ಮುಂದಿನ ಸಲ ಯಾರು ನಿಲ್ಲು ಅಂದ್ರೂ ನಾ ನಿಲ್ಲಂಗಿಲ್ಲ. ನೀವ ಅಂದ್ರೂ ನಿಲ್ಲಂಗಿಲ್ಲ."

ಆ ಮುಂದಿನ ಓಟ ಬಂದದ್ದು ಲಕ್ಷ್ಮೇಶ್ವರದಲ್ಲಿ. ಊರ ಹೊರಗಿನ ಬಯಲಿನಿಂದ ಹೊರಟು, ಅಡರಕಟ್ಟಿಯ ಮೇಲೆ ಹಾದು, ಹತ್ತೂವರೆ ಕಿಲೋಮೀಟರಿಗೆ ತಿರುಗಿ ಅದೇ ದಾರಿಯಲ್ಲಿ ವಾಪಸು. ಅಂದರೆ ಅವಳ ತವರನ್ನು ಎರಡು ಸಲ ದಾಟಬೇಕು. ಅತ್ತೆ ತೀರಿಕೊಂಡು ವರ್ಷದ ಮೇಲಾಗಿತ್ತು. ಅಲ್ಲಿಂದೀಚೆ ಅವಳು ಅಡರಕಟ್ಟಿಗೆ ಕಾಲಿಟ್ಟಿರಲಿಲ್ಲ. ಕರೆದಾಗಲೆಲ್ಲ, "ಅವ್ವ ಇಲ್ಲದ ಮನ್ಯಾಗ ನನಗೇನು ಕೆಲಸ?" ಎನ್ನುತ್ತಿದ್ದಳು. ಓಡಿಕೊಂಡು ದಾಟಿ ಹೋದರಾಯಿತು, ಯಾರ ಮುಖವನ್ನೂ ನೋಡಬೇಕಾಗಿಲ್ಲ ಎಂಬುದು ಅವಳ ಲೆಕ್ಕಾಚಾರ.

ಆರಕ್ಕೆ ಓಟ ಶುರುವಾಯಿತು. ನಾನು ಮೊದಲೇ ಅಡರಕಟ್ಟಿಗೆ ಹೋಗಿದ್ದೆ. ಹೆಂಡತಿ ಓಡುವುದನ್ನು ನೋಡಲಿಕ್ಕಲ್ಲ. ಅವಳ ತಮ್ಮನ ಹೆಂಡತಿ ಕಾವೇರಿ ಮಾಡುವ ಉಪ್ಪಿಟ್ಟಿನ ಆಸೆಗೆ. ಆರೂ ಕಾಲಿಗೆ ಗೆಳತಿಯರಿಬ್ಬರೂ ಮನೆಯ ಮುಂದೆ ಹಾದರು. ಕಾವೇರಿ ಅಡ್ಡ ನಿಂತೇಬಿಟ್ಟಳು.

"ಅಕ್ಕಾರ, ಒಳಗ ಬರ್ರಿ!"

"ಬರುವಾಗ ಬರ್ತೀನಿ ಬಿಡವಾ!" ಎಂದು ನನ್ನ ಹೆಂಡತಿ ಅವಳನ್ನು ಸುತ್ತಿಕೊಂಡು ಓಡಿದಳು. ಯಾರಾದರೂ ಕರೆದಾಗ ಬಾಯಿಗೆ ಬರುವ ಮಾತು ಅದು. ಆದರೆ ಕಾವೇರಿ ಅದನ್ನು ಗಟ್ಟಿ ಹಿಡಿದಳು.

ಎಂಟು ಮೂವತ್ತೆಂಟಕ್ಕೆ ಅವರು ವಾಪಸು ಬಂದಾಗ ರಸ್ತೆಯ ನಡುವೆ ಮಣೆ ಹಾಕಿತ್ತು. ಸುತ್ತ ರಂಗೋಲಿ. ತಾಟಿನಲ್ಲಿ ಅಕ್ಕಿ, ತೆಂಗಿನಕಾಯಿ, ಎಲೆ, ಅಡಿಕೆ, ಅರಿಸಿನದ ಕೊಂಬು, ಬಾಳೆಹಣ್ಣು. ಓಣಿಯ ಹೆಂಗಸರೆಲ್ಲ ಸೇರಿದ್ದರು. ಹಿಂದೆ ಓಡಿ ಬರುತ್ತಿದ್ದವರು ರಂಗೋಲಿ ತುಳಿಯಬಾರದೆಂದು ಪಕ್ಕಕ್ಕೆ ಸರಿದು ಹೋಗುತ್ತಿದ್ದರು. ಇನ್ನು ಎರಡು ಕಿಲೋಮೀಟರಿನ ಮೇಲೆ ಚೂರು ಉಳಿದಿತ್ತು. ಕೈಯಲ್ಲಿದ್ದದ್ದು ಇಪ್ಪತ್ತೆರಡು ನಿಮಿಷ.

"ಕಾವೇರಿ, ಕೈ ಮುಗೀತೀನಿ, ನನ್ನ ಬಿಡ!"

"ಅತ್ತಿ ಇಲ್ಲಂದ್ರ ತವರು ಇಲ್ಲೇನ್ರಿ ಅಕ್ಕಾರ? ನಾ ಇಲ್ಲೇನು? ಉಡಿ ತುಂಬದ ಬಿಡಂಗಿಲ್ಲ. ಕುಂಡ್ರಿ." ಕಾವೇರಿಯ ಕಣ್ಣಲ್ಲಿ ನೀರಿತ್ತು.

ನನ್ನ ಹೆಂಡತಿ ಒಮ್ಮೆ ಹಸೀನಾಬಿಯ ಕೈಗಡಿಯಾರ ನೋಡಿದಳು, ಒಮ್ಮೆ ಮನೆಯ ಬಾಗಿಲು ನೋಡಿದಳು. ಪದಕ ಹೋಯಿತೆಂದು ನಾನು ತಿಳಿದೆ. ಅವಳು ಮಣೆಯ ಮೇಲೆ ಕುಳಿತಳು.

ಕುಳಿತ ಮೇಲೆ ಗೊತ್ತಾಯಿತು, ಉಡಿ ತುಂಬಲು ಸೆರಗೇ ಇಲ್ಲ. ಟೀ ಶರ್ಟು, ಪ್ಯಾಂಟು ತೊಟ್ಟವಳಿಗೆ ಅಕ್ಕಿ ಎಲ್ಲಿ ಹಾಕುವುದು? ಹೆಂಗಸರೆಲ್ಲ ಒಬ್ಬರ ಮುಖ ಒಬ್ಬರು ನೋಡಿದರು. ಹಸೀನಾಬಿ ಮಾತ್ರ ಒಂದು ಗಳಿಗೆಯೂ ಯೋಚಿಸಲಿಲ್ಲ. ತನ್ನ ಸೊಂಟಕ್ಕೆ ಕಟ್ಟಿದ್ದ ಓಢಣಿ ಬಿಚ್ಚಿ ಗೆಳತಿಯ ಹೆಗಲಿನಿಂದ ಸೊಂಟಕ್ಕೆ ಸುತ್ತಿದಳು. ಅಡ್ಡ ಬರುತ್ತಿದ್ದ ಎದೆಯ ನಂಬರಿನ ಚೀಟಿಯನ್ನು ಕಿತ್ತು ಮಣೆಯ ಬದಿಗಿಟ್ಟು, ಅದರ ನಾಲ್ಕೂ ಪಿನ್ನುಗಳಿಂದ ಓಢಣಿಯನ್ನು ಭದ್ರ ಮಾಡಿದಳು. ಮೂವತ್ತು ವರ್ಷ ಬಟ್ಟೆ ಹೊಲಿದ ಕೈ ಅದು.

"ಹಾಕವಾ ಕಾವೇರಿ, ಜಲ್ದಿ! ಅಲ್ಲಿ ತಾಸು ಓಡಾಕತ್ತೈತಿ!"

ಕಾವೇರಿ ಕುಂಕುಮ ಹಚ್ಚಿ ಐದು ಬೊಗಸೆ ಅಕ್ಕಿ ಸುರಿದಳು, ಕಾಯಿ, ಎಲೆ, ಅಡಿಕೆ ಎಲ್ಲ ಹಾಕಿದಳು. ಓಣಿಯ ಮುದುಕಿಯೊಬ್ಬಳು ಸೋಬಾನೆ ಹಾಡಲು ಬಾಯಿ ತೆರೆದಳು. "ಹಾಡು ಬ್ಯಾಡ ಆಯಿ, ವಾಪಸ್ ಬಂದಾಗ!" ಎಂದು ನನ್ನ ಹೆಂಡತಿ ಎದ್ದೇಬಿಟ್ಟಳು. ಎಂಟು ನಲವತ್ನಾಲ್ಕು. ತುಂಬಿದ ಉಡಿಯನ್ನು ಎರಡೂ ಕೈಯಲ್ಲಿ ಅವುಚಿಕೊಂಡು ಓಡಿದಳು. ಅದನ್ನು ದಾರಿಯಲ್ಲಿ ಬಿಚ್ಚುವಂತಿಲ್ಲ, ಇನ್ನೊಬ್ಬರ ಕೈಗೆ ಕೊಡುವಂತಿಲ್ಲ, ನಮ್ಮ ಮನೆಯ ದೇವರ ಮುಂದೆಯೇ ಇಳಿಸಬೇಕು. ಪಕ್ಕದಲ್ಲಿ ಹಸೀನಾಬಿ, "ಕಾಯಿ ಬಿದ್ದೀತು, ಕಾಯಿ!" ಎಂದು ಕೂಗುತ್ತಾ ಓಡಿದಳು. ನನಗೆ ನಗು ತಡೆಯಲಾಗಲಿಲ್ಲ.

ಮಣೆ ಎತ್ತಲು ಬಗ್ಗಿದ ಕಾವೇರಿ ಕಿಟಾರನೆ ಕಿರುಚಿದಳು. ಅಲ್ಲಿ ನಂಬರಿನ ಚೀಟಿ ಬಿದ್ದಿತ್ತು, ನೂರಾ ಹತ್ತೊಂಬತ್ತು. ಅದಿಲ್ಲದೆ ಗೆರೆ ದಾಟಿದರೂ ದಾಟಿದಂತಲ್ಲ. ಚೀಟಿ ನನ್ನ ಕೈಗೆ ತುರುಕಿ ಅವಳು ಒಳಗೆ ಓಡಿದಳು. ಬರುವಾಗ ಕೈಯಲ್ಲಿ ಒಂದು ಖಣವಿತ್ತು, ಹಸಿರು ಮೈ, ಕೆಂಪು ಅಂಚಿನ ಕುಪ್ಪಸದ ಬಟ್ಟೆ.

"ಗಡಿಬಿಡ್ಯಾಗ ಖಣಾನ ಮರತೆ ಅಣ್ಣಾರ! ಖಣ ಇಲ್ಲದ ಉಡಿ ಉಡಿ ಹೆಂಗಾದೀತು? ಅತ್ತಿ ಹೋಗೂಕಿಂತ ಮೊದ್ಲ ಲಕ್ಷ್ಮೇಶ್ವರದ ಸಂತ್ಯಾಗ ತಗೊಂಡು ಟ್ರಂಕಿನ್ಯಾಗ ಇಟ್ಟಿದ್ರು. ನೀಲಾ ಬಂದಾಗ ಕೊಡಬೇಕು ಅಂತ. ಅಕ್ಕಾರ ಬರಲೇ ಇಲ್ಲ. ಇವತ್ತ ಬಂದಾರ. ಓಡ್ರಿ!"

"ನಾನಾ?"

"ಮತ್ತ ನಾ ಓಡ್ಲೇನು? ಗಾಡಿ ಬಿಡೂದಿಲ್ಲ, ಒಂಬತ್ತರ ತನಕಾ ರಸ್ತೆ ಬಂದ್ ಐತಿ!"

ನನ್ನ ಫೋನು ಅಝೀಮನ ಗಾಡಿಯಲ್ಲಿ ಚಾರ್ಜಿಗಿತ್ತು. ಐವತ್ತೇಳು ವಯಸ್ಸು, ಹೊಟ್ಟೆಯಲ್ಲಿ ಎರಡು ತಾಟು ಉಪ್ಪಿಟ್ಟು, ಕಾಲಿಗೆ ಚಪ್ಪಲಿ. ಒಂದು ಕೈಯಲ್ಲಿ ಚೀಟಿ, ಇನ್ನೊಂದರಲ್ಲಿ ಖಣ. ಚಪ್ಪಲಿ ಅಲ್ಲೇ ಬಿಟ್ಟು, ಧೋತರ ಮೇಲೆ ಕಟ್ಟಿ ಓಡಿದೆ.

ಸ್ವಲ್ಪ ದೂರದಲ್ಲೇ ಇಬ್ಬರೂ ಕಂಡರು. "ನಿಲ್ಲೇ! ಏ ನೀಲಾ, ನಿಲ್ಲು!" ಎಂದು ಕೂಗಿದೆ. ಅವಳು ಹಿಂದೆ ತಿರುಗಿ ನೋಡಿದಳು. ನೋಡಿ, ಓಟ ಜೋರು ಮಾಡಿದಳು! ಗಂಡನಾದರೂ ನಿಲ್ಲುವುದಿಲ್ಲ ಎಂದು ಆವತ್ತು ಹೇಳಿದ್ದು ನನಗೆ ಆಗ ನೆನಪಾಯಿತು. ಚೀಟಿ ಬಿಟ್ಟಿದ್ದೀ ಎಂದದ್ದು ಏದುಸಿರಿನಲ್ಲಿ ಅವಳಿಗೆ ಕೇಳಲೇ ಇಲ್ಲ. ನಾನು ಕೂಗಿದಷ್ಟೂ ಅವಳ ಕಾಲಿಗೆ ಗಾಳಿ ಬಂದಂತಾಗುತ್ತಿತ್ತು. ಕೂಗುವುದು ಬಿಟ್ಟರೆ ಅವಳು ನಿಧಾನವಾಗಿ ಹೊತ್ತು ಮೀರುತ್ತದೆ, ಕೂಗಿದರೆ ಕೈಗೆ ಸಿಗುವುದಿಲ್ಲ. ರಸ್ತೆಬದಿಯ ಹೊಲದಲ್ಲಿ ಶೇಂಗಾ ಕೀಳುತ್ತಿದ್ದವರು ಎದ್ದು ನಿಂತು, "ಬಿಡಬ್ಯಾಡ್ರಿ ಯಜಮಾನ್ರ!" ಎಂದು ಸೀಟಿ ಹೊಡೆದರು. ಬೆಟಗೇರಿಯ ಮಂದಿಗೆ ಕೊನೆಗೂ ಉತ್ತರ ಸಿಕ್ಕಿತು, ಬೆನ್ನು ಹತ್ತಿದವನು ನಾನೇ.

ನನಗೂ ನಗು. ಎದೆ ಒಡೆದುಹೋಗುವಂತಿದ್ದರೂ ನಗು. ಮೂವತ್ತೊಂದು ವರ್ಷ ಸಂತೆಗೆ, ಗುಡಿಗೆ, ಮದುವೆಗೆ ಎಲ್ಲಿಗೆ ಹೋದರೂ ನಾನು ಮುಂದೆ, ಅವಳು ನಾಲ್ಕು ಹೆಜ್ಜೆ ಹಿಂದೆ. ಅವಳು ಓಡುವುದನ್ನು ನಾನು ಕಣ್ತುಂಬ ನೋಡಿದ್ದು ಅದೇ ಮೊದಲು. ನಾಲ್ಕು ಓಟದಲ್ಲೂ ಗಾಡಿಯಲ್ಲಿ ನಿದ್ದೆ ಹೊಡೆದಿದ್ದೆ. ಎರಡು ಸೇರು ಅಕ್ಕಿ, ಕಾಯಿ ಅವುಚಿಕೊಂಡು ಜಡೆ ಹಾರಿಸುತ್ತಾ ಎಷ್ಟು ಚೆಂದ ಓಡುತ್ತಿದ್ದಳು! ನನ್ನ ಹೆಂಡತಿ ಎಂದು ಆ ಶೇಂಗಾ ಹೊಲದವರಿಗೆಲ್ಲ ಕೂಗಿ ಹೇಳಬೇಕೆನಿಸಿತು. ಉಸಿರಿರಲಿಲ್ಲ.

ಎಂಟು ಐವತ್ತೆಂಟಕ್ಕೆ ಅವಳು ಗೆರೆ ತಲುಪಿದಳು. ಹಸೀನಾಬಿಯ ನಂಬರು ಬರೆದುಕೊಂಡು, ಪದಕ ಹಾಕಿ ಒಳಗೆ ಬಿಟ್ಟರು. ನನ್ನ ಹೆಂಡತಿಯನ್ನು ಪಟ್ಟಿ ಹಿಡಿದಿದ್ದ ಹುಡುಗಿ ತಡೆದಳು.

"ನಂಬರ್ ಎಲ್ಲೈತಿ ಅಮ್ಮಾ?"

ಅವಳು ಎದೆ ನೋಡಿಕೊಂಡಳು. ಬರೀ ಓಢಣಿ, ನಾಲ್ಕು ಪಿನ್ನು. ಮುಖ ಒಮ್ಮೆಲೇ ಸಣ್ಣದಾಯಿತು. ಅಷ್ಟರಲ್ಲಿ ನಾನು ಬರಿಗಾಲಲ್ಲಿ ಬಂದು ಕಮಾನಿನ ಕೆಳಗೆ ಬಿದ್ದೆ ಎನ್ನಬೇಕು. ಕೈಯಲ್ಲಿನ ಚೀಟಿ ಎತ್ತಿ ಹಿಡಿದೆ. "ನೂರಾ ಹತ್ತೊಂಬತ್ತು!" ಎಂದು ಹುಡುಗಿ ಬರೆದುಕೊಂಡಳು. ಪಕ್ಕದವನು ಚಪ್ಪಾಳೆ ತಟ್ಟಿ ಪದಕವನ್ನು ನನ್ನ ಕೊರಳಿಗೆ ಹಾಕಿಬಿಟ್ಟ!

"ಓಡಿದಾಕಿ ನಾನು!" ಎಂದು ನನ್ನ ಹೆಂಡತಿ ಚೀರಿದಳು.

"ಅವರೂ ಓಡೇ ಬಂದಾರಲ್ರಿ," ಎಂದ ಅವನು.

ಇಡೀ ಬಯಲು ನಕ್ಕಿತು. ನಾನು ಪದಕ ತೆಗೆದು ಚಾಚಿದೆ. ಅವಳ ಎರಡೂ ಕೈ ಉಡಿಯ ಮೇಲೆ. ಹಸೀನಾಬಿ ನನ್ನ ಇನ್ನೊಂದು ಕೈಯಲ್ಲಿದ್ದ ಖಣ ಕಂಡು, "ಅಯ್ಯ, ಇದು ಉಳದಿತ್ತೇನು!" ಎಂದು ಅದನ್ನು ಉಡಿಯೊಳಗೆ ಹಾಕಿದಳು, ಅದರ ಮೇಲೆ ಪದಕವನ್ನೂ ಹಾಕಿದಳು. ಗಡಿಯಾರದಲ್ಲಿ ಒಂಬತ್ತಕ್ಕೆ ಇನ್ನೂ ಇಪ್ಪತ್ತು ಸೆಕೆಂಡು ಇತ್ತು.

ಬೆಟಗೇರಿಯ ತನಕ ಗಾಡಿಯಲ್ಲಿ ಜಗಳವೋ ಜಗಳ. ಎಲ್ಲರಿಗೂ ಪದಕ ನೋಡಬೇಕು. ಹಸೀನಾಬಿಯದನ್ನು ನೋಡಿರಿ, ಅದೂ ಹೀಗೇ ಇದೆ, ಉಡಿ ಬಿಚ್ಚುವುದಿಲ್ಲ ಎಂದು ಇವಳ ಹಟ. ಅಝೀಮ ಗುಂಡಿ ಬಂದಲ್ಲೆಲ್ಲ, "ಮೌಶಿ, ಗಟ್ಟಿ ಹಿಡಕೋರಿ!" ಎಂದು ಕೂಗುತ್ತಾ ಗಾಡಿ ಓಡಿಸಿದ.

ಮನೆಯಲ್ಲಿ ದೇವರ ಮುಂದೆ ಕುಳಿತು ಉಡಿ ಇಳಿಸಿದಳು. ಎಲ್ಲರೂ ಪದಕಕ್ಕೆ ಮುಗಿಬಿದ್ದರು. ಅವಳು ಮಾತ್ರ ಖಣ ಎತ್ತಿಕೊಂಡಳು. ಅದರಿಂದ ಟ್ರಂಕಿನ ಡಾಂಬರು ಗುಳಿಗೆಯ ವಾಸನೆ ಬರುತ್ತಿತ್ತು. ಆಗ ನಾನು ಕಾವೇರಿಯ ಮಾತು ಹೇಳಿದೆ.

ಅವಳು ಖಣವನ್ನು ಕಣ್ಣಿಗೆ ಒತ್ತಿಕೊಂಡು ಬಹಳ ಹೊತ್ತು ಅತ್ತಳು. ಆಮೇಲೆ ಅಳುತ್ತಲೇ ಅವಳ ಹೆಗಲು ಕುಣಿಯತೊಡಗಿತು. ನಗುತ್ತಿದ್ದಳು.

"ಜೀವಮಾನದಾಗ ಒಂದ ಬಸ್ ಹಿಡೀಲಿಲ್ಲ ನಮ್ಮವ್ವ," ಎಂದಳು, "ಇವತ್ತ ಇಪ್ಪತ್ತ ಸೆಕೆಂಡ್ ಮೊದ್ಲ ಬಂದ್ಲು ನೋಡ್ರಿ."