ವಯೋಲಾ ಎಂದರೆ ನೇರಳೆ ಹೂವು

ಇವತ್ತು ಜೆ.ಪಿ. ನಗರದ ನರ್ಸರಿಯೊಂದರಲ್ಲಿ ಪುಟ್ಟ ನೇರಳೆ ಹೂವಿನ ಕುಂಡದ ಮೇಲೆ ‘ವಯೋಲಾ’ ಎಂಬ ಚೀಟಿ ಕಂಡು ಅಲ್ಲೇ ನಿಂತುಬಿಟ್ಟೆ.

ಜಯನಗರದಲ್ಲಿ ಇನ್ನೂ ಖಾಲಿ ಸೈಟುಗಳೇ ಹೆಚ್ಚಿದ್ದ ಕಾಲ. ಪಕ್ಕದ ಮನೆಗೆ ಬಾಡಿಗೆಗೆ ಬಂದ ಜೋಸೆಫ್ ಮಾಮನ ಒಬ್ಬಳೇ ಮಗಳು ವಯೋಲಾ. ನನ್ನದೇ ಕ್ಲಾಸು. ಅವಳನ್ನು ಹೆತ್ತು ಕೆಲವೇ ದಿನಗಳಲ್ಲಿ ತಾಯಿ ತೀರಿಕೊಂಡಿದ್ದರು.

“ಹೆಸರು ಅಮ್ಮಾನೇ ಇಟ್ಟಿದ್ದು. ಲ್ಯಾಟಿನ್ ಭಾಷೇಲಿ ವಯೋಲಾ ಅಂದ್ರೆ ನೇರಳೆ ಹೂವಂತೆ, ಅಪ್ಪ ಹೇಳಿದ್ರು,” ಎಂದು ಸಿಕ್ಕವರಿಗೆಲ್ಲ ಹೇಳುತ್ತಿದ್ದಳು.

ಕುಂಟೆಬಿಲ್ಲೆಯಲ್ಲಿ ಸೋತ ಸಿಟ್ಟಿಗೆ ಒಂದು ದಿನ ನಾನು, “ಅಂಥ ಹೂವೇ ಇಲ್ಲ. ನಿಮ್ಮಪ್ಪ ಸುಳ್ಳು ಹೇಳಿದ್ದಾರೆ,” ಎಂದುಬಿಟ್ಟೆ. ಅವಳು ಫ್ರಾಕಿನ ಅಂಚಿನಲ್ಲಿ ಕಣ್ಣೊರೆಸಿಕೊಂಡು ಮನೆಗೆ ಹೋದಳು.

ಮಾರನೆಯ ದಿನ ಅವಳಿಗೆ ಜ್ವರ, ಗಂಟಲು ಬಾವು. ಅಂಟುತ್ತದೆಂದು ನನ್ನನ್ನು ಆ ಮನೆಗೆ ಬಿಡಲಿಲ್ಲ. ವಾರದೊಳಗೆ ವಯೋಲಾ ಹೋಗಿಬಿಟ್ಟಳು.

ಅಂದು ಬೆಳಿಗ್ಗೆ ಜೋಸೆಫ್ ಮಾಮ ನಮ್ಮ ಗೇಟಿನ ಹತ್ತಿರ ನಿಂತು ಅಜ್ಜಿಯನ್ನು ಕೂಗಿದರು. “ಅಮ್ಮಾ, ನೇರಳೆ ಬಣ್ಣದ ಹೂವೇನಾದ್ರೂ ಇದ್ಯಾ? ಮಗು ಪಕ್ಕ ಇಡ್ಬೇಕು.”

ಮಡಿಯಲ್ಲಿದ್ದ ಅಜ್ಜಿ, ಪೂಜೆಗೆಂದು ಬಿಡಿಸಿದ್ದ ಸ್ಫಟಿಕ ಗಿಡದ ನೇರಳೆ ಹೂವನ್ನು ಬುಟ್ಟಿಸಮೇತ ಅವರ ಕೈಗಿಟ್ಟಳು. “ದೇವರಿಗೆ ಇವತ್ತು ತುಳಸಿ ಸಾಕು, ತಗೊಂಡ್ಹೋಗಪ್ಪ,” ಎಂದು ಅತ್ತಳು.

ಅವರು ನನ್ನ ಕಡೆ ತಿರುಗಿ, “ನಿನ್ನನ್ನೇ ಕೇಳ್ತಾ ಇದ್ಲು, ಪುಟ್ಟಿ,” ಎಂದರು.

ನನ್ನ ಮಾತನ್ನು ಅವಳು ಅಪ್ಪನಿಗೆ ಹೇಳಿದ್ದಳೋ ಇಲ್ಲವೋ ಗೊತ್ತಾಗಲೇ ಇಲ್ಲ. ನಾನಂತೂ ಯಾರಿಗೂ ಹೇಳಲಿಲ್ಲ. ಎಪ್ಪತ್ತು ದಾಟಿದ ಮೇಲೆ, ಇವತ್ತೇ ಮೊದಲ ಸಲ, ಇಲ್ಲಿ ಬರೆಯುತ್ತಿದ್ದೇನೆ.